ಮಿರಜದ ಸಿತಾರು, ಗದುಗಿನ ಅನ್ನ

ಧಾರವಾಡ ನಿಲ್ದಾಣದಲ್ಲಿ ಬೆಳಿಗ್ಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದಾಗ ನನ್ನ ಒಳಕಿಸೆಯಲ್ಲಿ ಹನ್ನೊಂದು ಸಾವಿರದ ಇನ್ನೂರು ರೂಪಾಯಿ ಇತ್ತು. ಅದರಲ್ಲಿ ನನ್ನದು ಎರಡು ಸಾವಿರ. ಉಳಿದದ್ದು ನಮ್ಮ ಶಾಲೆಯ ಮಾಸ್ತರರು, ಅಕ್ಕೋರು, ಕಡೆಗೆ ಬಿಸಿಯೂಟದ ಅಡುಗೆಯವರೂ ಸೇರಿ ಕೂಡಿಸಿದ್ದು. ಪಕ್ಕದಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕುಳಿತಿದ್ದ. ಅವನ ಹೆಸರು ಇಲ್ಲಿ ಬೇಡ. ನಾವಿಬ್ಬರೂ ಮಿರಜಕ್ಕೆ ಸಿತಾರ್ ತರಲು ಹೊರಟಿದ್ದೆವು.

ಇದು ಶುರುವಾದದ್ದು ನನ್ನ ಶಬ್ದದ ಪಾಠದಿಂದ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಎಂಟು ಟ್ಯೂನಿಂಗ್ ಫೋರ್ಕುಗಳ ಒಂದು ಪೆಟ್ಟಿಗೆ ಇದೆ. 256 ಕಂಪನದಿಂದ ಹಿಡಿದು ಅದರ ಇಮ್ಮಡಿಯಾದ 512ರವರೆಗೆ. ಯಾರೋ ತುಂಟರು ಅವನ್ನೆಲ್ಲ ಅದಲುಬದಲು ಮಾಡಿ ಇಟ್ಟಿದ್ದರು. ಅಂಕಿಗಳೂ ತುಕ್ಕು ಹಿಡಿದು ಮಸುಕಾಗಿದ್ದವು. ಈ ಹುಡುಗ ಒಂದೊಂದನ್ನೇ ಮೊಣಕೈಗೆ ಬಡಿದು ಕಿವಿಗೆ ಹಿಡಿದು, ಎರಡು ನಿಮಿಷದಲ್ಲಿ ಎಂಟನ್ನೂ ಸಾಲಾಗಿ ಜೋಡಿಸಿಟ್ಟ. ಮೇಲಾಗಿ, ಒಂದರ ಮೇಲೆ ಬೆರಳಿಟ್ಟು, 'ಸರ, ಇದು ಸ್ವಲ್ಪ ಇಳಿದೈತಿ' ಎಂದ. ಪರೀಕ್ಷಿಸಿ ನೋಡಿದರೆ ಅದರ ಕವಲಿನ ತುದಿಗೆ ಯಾವ ಕಾಲದ್ದೋ ಮೇಣ ಮೆತ್ತಿಕೊಂಡಿತ್ತು. ತೂಕ ಹೆಚ್ಚಿದರೆ ಕಂಪನ ಕಡಿಮೆಯಾಗುತ್ತದೆಂದು ಮೂವತ್ತು ವರ್ಷದಿಂದ ಪಾಠ ಮಾಡುತ್ತಿರುವ ನನಗೆ ಅದು ಕೇಳಿಸಿರಲಿಲ್ಲ.

ಧಾರವಾಡದಲ್ಲಿ ನನ್ನ ಪರಿಚಯದ ಒಬ್ಬ ಹಿರಿಯರು ಸಿತಾರ್ ಬಲ್ಲವರು. ಆ ಊರಿನಲ್ಲಿ ಸಿತಾರಿಗೆ ದೊಡ್ಡ ಪರಂಪರೆಯೇ ಇದೆಯಷ್ಟೆ. ಸಿತಾರ್ ರತ್ನ ರಹಿಮತ್ ಖಾನರು ಬಂದು ನೆಲೆಸಿದ ಊರು ಅದು. ಅವರ ಮೊಮ್ಮಗ ಬಾಲೇಖಾನರ ವಾದನವನ್ನು ಆಕಾಶವಾಣಿಯಲ್ಲಿ ಕೇಳದ ನಮ್ಮ ವಯಸ್ಸಿನವರು ಕಡಿಮೆ. ಆ ಹಿರಿಯರು ಹುಡುಗನನ್ನು ಪರೀಕ್ಷಿಸಿ, ಪ್ರತಿ ಶನಿವಾರ ಮಧ್ಯಾಹ್ನ ಕಳುಹಿಸಿರಿ, ಬಿಡಿಗಾಸು ಬೇಡ ಎಂದರು. ಐದು ತಿಂಗಳು ಕಲಿಸಿದರು. ಆಮೇಲೆ ನನ್ನನ್ನು ಕರೆಸಿ ಹೇಳಿದರು: 'ವಾರಕ್ಕೊಮ್ಮೆ ಊಟ ಮಾಡಿದರ ಮೈ ಹತ್ತತೈತೇನ್ರೀ ಮಾಸ್ತರ್? ಮನ್ಯಾಗ ಒಂದು ವಾದ್ಯ ಬೇಕು.'

ಹೀಗಾಗಿ ಮಿರಜ.

ಅಳ್ನಾವರ, ಲೋಂಡಾ ದಾಟಿ, ಬೆಳಗಾವಿಯಲ್ಲಿ ಚಹಾ ಕುಡಿದು, ಘಟಪ್ರಭಾ, ರಾಯಬಾಗ ಕಳೆದರೆ ಕುಡಚಿಯ ಬಳಿ ಕೃಷ್ಣೆ ಎದುರಾಗುತ್ತಾಳೆ. ಎರಡೂ ಕಡೆ ಕಬ್ಬು, ನಡುವೆ ಸೇತುವೆಯ ದಡದಡ ಸದ್ದು. ಆಮೇಲೆ ಉಗಾರ, ಶೇಡಬಾಳ. ನಿಲ್ದಾಣದ ಫಲಕಗಳಲ್ಲಿ ಕನ್ನಡ ಹೋಗಿ ಮರಾಠಿ ಬರುವುದು ಗೊತ್ತಾಗುತ್ತದೆಯೇ ಹೊರತು, ಡಬ್ಬಿಯಲ್ಲಿ ಕುಳಿತವರ ಮಾತಿನಲ್ಲಿ ಗಡಿ ಎಲ್ಲಿ ದಾಟಿತು ಎಂಬುದು ತಿಳಿಯುವುದೇ ಇಲ್ಲ.

ಮಿರಜ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ದವಾಖಾನೆಗಳು. ಅವುಗಳನ್ನು ದಾಟಿ ಊರೊಳಗೆ ಹೋದರೆ ವಾದ್ಯ ಮಾಡುವವರ ಬೀದಿ ಸಿಗುತ್ತದೆ. ಇಲ್ಲಿನ ಸಿತಾರ್‌ಮೇಕರ್ ಮನೆತನದವರ ಪೂರ್ವಜರು ಕತ್ತಿ, ಭರ್ಚಿ ಮಾಡಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸಂಸ್ಥಾನಗಳ ಕತ್ತಿಗಳಿಗೆ ಕೆಲಸ ಇಲ್ಲದಂತಾದಾಗ ಫರೀದ್ ಸಾಹೇಬರೆಂಬ ಕುಶಲಿಗರು ಕೆಟ್ಟ ವಾದ್ಯಗಳ ರಿಪೇರಿಗೆ ಕೈ ಹಾಕಿ, ಮುಂದೆ ತಾವೇ ತಯಾರಿಸತೊಡಗಿದರು. ಕತ್ತಿ ಮಾಡುತ್ತಿದ್ದ ಕೈ ತಂಬೂರಿ ಮಾಡಿತು. ಕನ್ನಡ ನಾಡಿನ ಹಿಂದೂಸ್ತಾನಿ ಗಾಯಕರ ಬೆನ್ನ ಹಿಂದೆ ಮಿಡಿದ ತಂಬೂರಿಗಳಲ್ಲಿ ಬಹಳಷ್ಟು ಈ ಬೀದಿಯಲ್ಲಿ ಹುಟ್ಟಿದಂಥವು. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು.

ನಾವು ಹೊಕ್ಕ ಅಂಗಡಿ ನಮ್ಮ ಶಾಲೆಯ ಒಂದು ಕೋಣೆಗಿಂತ ಚಿಕ್ಕದು. ಛಾವಣಿಯಿಂದ ಒಣಗಿದ ಕುಂಬಳದಂಥ ಬುರುಡೆಗಳು ತೂಗುತ್ತಿದ್ದವು. ಕುಂಬಳವಲ್ಲ, ಕಹಿ ಸೋರೆಯ ಜಾತಿ. ಪಂಢರಪುರದ ಸುತ್ತ ಭೀಮೆಯ ದಂಡೆಯಲ್ಲಿ ಬೆಳೆಯುತ್ತಾರೆ. ತಿಂಗಳುಗಟ್ಟಲೆ ಒಣಗಿಸಿ, ಮತ್ತೆ ನೀರಲ್ಲಿ ನೆನೆಸಿ, ಬಾಯಿ ಕೊಯ್ದು, ಒಳಗೆ ಕಡ್ಡಿ ಆನಿಸಿ ಹಿಗ್ಗಿಸಿ ಆಕಾರಕ್ಕೆ ತರುತ್ತಾರೆ. ಅದಕ್ಕೆ ತೂನ್ ಮರದ ದಂಡಿಗೆ, ಮರದ ಮುಚ್ಚಳ, ಮೇಲೆ ಅರಗಿನ ಹೊಳಪು. ಬೇಸಾಯಗಾರನ ಹೊಲದಿಂದ ಬಂದ ಒಂದು ಕಾಯಿ ಇಲ್ಲಿ ಮೂವತ್ತು ಸಾವಿರದ ವಸ್ತುವಾಗುತ್ತದೆ. ಹೊಸ ಸಿತಾರಿಗೆ ಆ ಅಂಗಡಿಯವರು ಹೇಳಿದ ಬೆಲೆ ಅಷ್ಟು. ಇದು ದುಬಾರಿ ಎಂದು ನಾನು ಹೇಳಲಾರೆ. ನಾವಿದ್ದ ಎರಡು ತಾಸಿನಲ್ಲಿ ಒಬ್ಬ ಕೆಲಸಗಾರ ಒಂದೇ ಒಂದು ಮೂಳೆಯ ತುಂಡನ್ನು ಕಾನಸಿನಿಂದ ತಿಕ್ಕುತ್ತ ಕುಳಿತಿದ್ದ.

ಆ ತುಂಡೇ ಕುದುರೆ. ತಂತಿಗಳು ಅದರ ಮೇಲೆ ಹಾಯುತ್ತವೆ. ಅದರ ಮೈ ಚಪ್ಪಟೆಯೂ ಅಲ್ಲ, ಚೂಪೂ ಅಲ್ಲ; ಕಣ್ಣಿಗೆ ಕಾಣದಷ್ಟು ನಯವಾದ ಒಂದು ಬಾಗು. ಆ ಬಾಗನ್ನು ಸರಿಪಡಿಸುವುದಕ್ಕೆ 'ಜವಾರಿ' ತೆಗೆಯುವುದು ಎನ್ನುತ್ತಾರೆ. (ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ಹುಡುಗ ಅದನ್ನು ಕೇಳಿ ಕಿಸಕ್ಕನೆ ನಕ್ಕ.) ಸಾಮಾನ್ಯ ತಂತಿಯನ್ನು ನಟ್ಟನಡುವೆ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲೇಬಾರದೆಂದು ಭೌತಶಾಸ್ತ್ರದ ಹಳೆಯ ನಿಯಮವಿದೆ. ತಂಬೂರಿಯಲ್ಲಿ ಅವೂ ಕೇಳಿಸುತ್ತವೆ. ಇದಕ್ಕೆ ಕಾರಣ ಈ ಬಾಗಿದ ಕುದುರೆಯೇ ಎಂದು ಸಿ.ವಿ. ರಾಮನ್ನರು 1921ರಲ್ಲಿ, ನೊಬೆಲ್ ಬರುವುದಕ್ಕೆ ಒಂಬತ್ತು ವರ್ಷ ಮೊದಲು, ಬರೆದು ತೋರಿಸಿದರು. ಇಲ್ಲಿನ ಕಾನಸು ಹಿಡಿದ ಕೈಗಳು ಅದನ್ನು ಅವರಿಗಿಂತ ಮೊದಲೇ ಬಲ್ಲವು, ಲೇಖನ ಬರೆಯಲಿಲ್ಲ ಅಷ್ಟೇ.

ಅಂಗಡಿಯ ಯಜಮಾನರು ಎಪ್ಪತ್ತರ ಮುದುಕರು. ಮರಾಠಿ, ಉರ್ದು, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದರು. ನಮ್ಮ ಕಿಸೆಯ ಲೆಕ್ಕ ಕೇಳಿ, ಅಟ್ಟದಿಂದ ಒಂದು ಹಳೆಯ ಸಿತಾರ್ ಇಳಿಸಿದರು. ಪುಣೆಯ ಯಾವುದೋ ಬಂಗಲೆಯಿಂದ ಮರಳಿ ಬಂದದ್ದಂತೆ.

'ಹಳೇದು ಅಂದ್ರಿ, ಹೊಸದರಂಗ ಐತಲ್ಲ?' ಎಂದೆ.

'ಪರದೆ ನೋಡ್ರಿ' ಎಂದರು.

ಪರದೆ ಎಂದರೆ ದಂಡಿಗೆಯ ಮೇಲಿನ ಲೋಹದ ಮೆಟ್ಟಿಲು. ವರ್ಷಗಟ್ಟಲೆ ನುಡಿಸಿದ ಸಿತಾರಿನಲ್ಲಿ ತಂತಿ ಒತ್ತಿ ಒತ್ತಿ ಪರದೆಗಳ ಮೇಲೆ ಗೆರೆ ಬಿದ್ದಿರುತ್ತದೆ. ಇದರಲ್ಲಿ ಒಂದೂ ಗೆರೆ ಇರಲಿಲ್ಲ. ಮಗಳಿಗೆಂದು ಕೊಂಡಿದ್ದರಂತೆ. ಮೂರು ತಿಂಗಳಿಗೆ ಅವಳಿಗೆ ಬೇಸರ ಬಂತು. ಹನ್ನೆರಡು ವರ್ಷ ಗೋಡೆಗೆ ತೂಗಿ, ಮನೆ ಬದಲಿಸುವಾಗ ಇಲ್ಲಿಗೆ ಬಂತು. ಇಂಥವು ವರ್ಷಕ್ಕೆ ಹತ್ತಾರು ಬರುತ್ತವೆ ಎಂದರು ಯಜಮಾನರು.

ನನಗೆ ನಮ್ಮೂರಿನ ಒಂದು ಮನೆ ನೆನಪಾಯಿತು. 1982ರ ಸುಮಾರು. ಊರಿಗೆಲ್ಲ ಒಂದೇ ಹಾರ್ಮೋನಿಯಂ, ಅದು ಆ ಮನೆಯಲ್ಲಿ. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಆ ಮನೆಯ ಮಕ್ಕಳು ಅದನ್ನು ಮುಟ್ಟಿದ್ದನ್ನು ನಾನು ಕಾಣೆ. ಒಮ್ಮೆ ಬಟ್ಟೆ ಸರಿಸಿ ಒಂದು ಮನೆ ಒತ್ತಿದ್ದಕ್ಕೆ ನನ್ನ ಕಿವಿ ಹಿಂಡಿ ಹೊರಗೆ ಕಳಿಸಿದ್ದರು. ಗಾಳಿ ಹಾಕದೆ ಒತ್ತಿದ್ದರಿಂದ ಅದು ಸದ್ದನ್ನೂ ಮಾಡಿರಲಿಲ್ಲ!

ಅದಿರಲಿ. ಯಜಮಾನರು ಒಂಬತ್ತು ಸಾವಿರಕ್ಕೆ ಒಪ್ಪಿದರು. ಹೊಸ ತಂತಿ, ಜವಾರಿ, ಗವಸಣಿಗೆ ಎಲ್ಲಾ ಸೇರಿ. ನನಗೆ ಹಿಗ್ಗು. ಅಷ್ಟರಲ್ಲಿ ಅವರು ಹುಡುಗನನ್ನು ಹತ್ತಿರ ಕರೆದು ಎಡಗೈಯ ಬೆರಳುಗಳನ್ನು ತಿರುಗಿಸಿ ನೋಡಿದರು. ಸಿತಾರ್ ನುಡಿಸುವವರ ತೋರುಬೆರಳಿನ ತುದಿ ತಂತಿಯಿಂದ ಕೊಯ್ದು, ಗಟ್ಟಿಯಾಗಿ, ಕಪ್ಪು ಗೆರೆ ಬಿದ್ದಿರುತ್ತದೆ. ಹುಡುಗನ ಬೆರಳು ಮೆತ್ತಗಿತ್ತು.

'ದಿನಾ ಎಷ್ಟು ತಾಸು ಕೂಡ್ತೀಯಪಾ?'

ಹುಡುಗ ನನ್ನ ಮುಖ ನೋಡಿದ. ಅವನಪ್ಪ ಹಮಾಲಿ ಮಾಡುತ್ತಿದ್ದವರು. ಬೆನ್ನು ಹಿಡಿದು ಈಗ ಮೂರು ವರ್ಷದಿಂದ ಮನೆಯಲ್ಲೇ. ತಾಯಿ ಹತ್ತಿ ಬಿಡಿಸಲು, ಕಳೆ ತೆಗೆಯಲು ಹೋಗುತ್ತಾರೆ. ಹುಡುಗ ಬೆಳಿಗ್ಗೆ ನೀರು ತರಬೇಕು, ಸಂಜೆ ಎರಡು ಆಡು ನೋಡಿಕೊಳ್ಳಬೇಕು. ಮುಹೂರ್ತದ ದಿನಗಳಲ್ಲಿ ಮದುವೆ ಮನೆಗಳಲ್ಲಿ ಎಲೆ ಹಾಕಲು, ಬಡಿಸಲು ಹೋದರೆ ನಾನೂರು ರೂಪಾಯಿ ಸಿಗುತ್ತದೆ. ಇದನ್ನೆಲ್ಲ ನಾನೇ ಹೇಳಿದೆ.

ಮುದುಕರು ಕುದುರೆಯನ್ನು ತಿಕ್ಕುತ್ತಲೇ ಅಂದರು: 'ಸಿತಾರ್ ನೀವು ಒಯ್ತೀರಿ, ಖುಷಿ. ತಾಸು ಯಾರು ಕೊಡ್ತಾರ? ನನ್ನ ನೋಡ್ರಿ, ಐವತ್ತೈದು ವರ್ಷ ಆತು, ದೊಡ್ಡ ದೊಡ್ಡವರ ಸಿತಾರಿಗೆ ಸುರ ಹಚ್ಚಿ ಕೊಟ್ಟೀನಿ. ಒಂದು ರಾಗ ಬಾಜಾಯಿಸಲಿಕ್ಕೆ ಬರೂದಿಲ್ಲ. ಹತ್ತು ವರ್ಷದವನಿದ್ದಾಗ ಕೈಗೆ ಕಾನಸು ಕೊಟ್ಟರು. ಕೂತು ಕಲೀಲಿಕ್ಕೆ ಟೈಮ್ ಎಲ್ಲಿತ್ತು?'

ಆ ಮಾತು ನನ್ನನ್ನು ಕುಟುಕಿತು. ನಾನು ಇಷ್ಟು ದಿನ ಬಡವನ ಮಗನಿಗೂ ವಾದ್ಯಕ್ಕೂ ನಡುವೆ ಅಡ್ಡ ನಿಂತದ್ದು ವಾದ್ಯದ ಬೆಲೆ ಎಂದುಕೊಂಡಿದ್ದೆ. ಚಂದಾ ಎತ್ತಿ ಆ ಬೇಲಿಯನ್ನು ದಾಟಬಹುದು. ಹಾಡುವವರಿಗಂತೂ ಈಗ ತಂಬೂರಿ ಮೊಬೈಲಿನಲ್ಲೇ ಬಿಟ್ಟಿಯಾಗಿ ಸಿಗುತ್ತದೆ. ಆದರೆ ದಿನಕ್ಕೆ ನಾಲ್ಕು ತಾಸಿನಂತೆ ಹತ್ತು ವರ್ಷ, ದುಡಿಯದೆ ಕೂತು ನುಡಿಸುವ ಹುಡುಗನಿಗೆ ಅನ್ನ ಹಾಕುವವರು ಯಾರು? ಉಳ್ಳವರ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಜವಾರಿ ಮುಗಿಯುವವರೆಗೆ ಮೀರಾಸಾಹೇಬರ ದರ್ಗಾಕ್ಕೆ ಹೋಗಿಬಂದೆವು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಸಮಾಧಿ ಅಲ್ಲಿದೆ. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುತ್ತಿದ್ದಾಗ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಅವರು ತೀರಿಕೊಂಡರು. ದೇಹವನ್ನು ಮಿರಜಕ್ಕೆ ತಂದರು. ಉರುಸಿನ ಸಮಯದಲ್ಲಿ ಅಲ್ಲಿ ಈಗಲೂ ಸಂಗೀತ ಸೇವೆ ನಡೆಯುತ್ತದೆ. ಇವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಇದೆಲ್ಲ ಓದುಗರಿಗೆ ಗೊತ್ತಿದ್ದದ್ದೇ. ನಾನು ಅಲ್ಲಿ ಕುಳಿತು ಯೋಚಿಸಿದ್ದು ಬೇರೆ. ಖಾನ್ ಸಾಹೇಬರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದು ಶಿಷ್ಯರನ್ನು ಜೊತೆಗೇ ಇಟ್ಟುಕೊಂಡು ಸಾಕಿದರು. ಕಛೇರಿಯ ಹಣ ಆ ಒಲೆಗೆ ಹೋಗುತ್ತಿತ್ತು. ಇದೇ ಮಿರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜಿಕರರ ಬಳಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅವರೂ ಬಡ ವಿದ್ಯಾರ್ಥಿಗಳಿಗೆ ಊಟ ವಸತಿ ಕೊಟ್ಟು ಕಲಿಸಿದವರು. ಕಡೆಗೆ ಮುಂಬೈಯಲ್ಲಿ ಕಟ್ಟಿಸಿದ ಕಟ್ಟಡ ಸಾಲಕ್ಕೆ ಹರಾಜಾಯಿತು. ನಮ್ಮ ಮಲ್ಲಿಕಾರ್ಜುನ ಮನಸೂರರು ಬಾಲಕನಾಗಿ ನಾಟಕ ಕಂಪನಿ ಸೇರಿ, ಅಲ್ಲಿಂದ ಮಿರಜದ ನೀಲಕಂಠಬುವಾ ಅವರ ಬಳಿಗೆ ಬಂದವರು. ನಾಟಕ ಕಂಪನಿಯೂ ಒಂದು ರೀತಿಯಲ್ಲಿ ಊಟ ಹಾಕುವ ಸಂಗೀತ ಶಾಲೆಯೇ ಆಗಿತ್ತು.

ಇದೇ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಕಲಿತ ಇನ್ನೊಬ್ಬರು ನನಗೆ ಅಲ್ಲಿಯೇ ಹೊಳೆದರು: ಗದುಗಿನ ಪಂಚಾಕ್ಷರಿ ಗವಾಯಿಗಳು. ಸಿತಾರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರಾತ್ರಿ ಧಾರವಾಡಕ್ಕೆ ಮರಳುವಾಗ, ಮುಂದಿನ ರವಿವಾರ ಗದಗಕ್ಕೆ ಹೋಗುವುದೆಂದು ನಿಶ್ಚಯಿಸಿದೆ. ಈ ಸಲ ಹುಡುಗನ ತಾಯಿಯನ್ನೂ ಕರೆದುಕೊಂಡು.

ಹುಬ್ಬಳ್ಳಿಯಿಂದ ಗದಗ ಅರವತ್ತು ಕಿಲೋಮೀಟರಿಗೆ ತುಸು ಕಡಿಮೆ. ಎರೆಭೂಮಿಯ ಬಯಲು, ಜನವರಿಯಲ್ಲಿ ಜೋಳ, ಕಡಲೆ, ಕುಸುಬಿ. ವೀರೇಶ್ವರ ಪುಣ್ಯಾಶ್ರಮಕ್ಕೆ ದಾರಿ ಕೇಳುವ ಅಗತ್ಯವಿಲ್ಲ. ಕಿವಿ ಇದ್ದರೆ ಸಾಕು. ಒಂದು ಮೂಲೆಯಲ್ಲಿ ತಬಲಾದ ಬೋಲು, ಇನ್ನೊಂದು ಕಡೆ ಹಾರ್ಮೋನಿಯಂ, ಮತ್ತೊಂದು ಕಡೆ ಪಿಟೀಲಿನ ಕುಂಯ್. ಎಲ್ಲವೂ ಒಟ್ಟಿಗೆ, ಬೇರೆ ಬೇರೆ ಶ್ರುತಿಯಲ್ಲಿ. ಹೊಸಬರಿಗೆ ಗದ್ದಲ. ನನ್ನ ಹುಡುಗ ಮಾತ್ರ ಬಾಗಿಲಲ್ಲೇ ನಿಂತು, ಯಾವುದು ಯಾವುದರಿಂದ ಎಷ್ಟು ದೂರ ಎಂದು ಅಳೆಯುವವನಂತೆ ತಲೆ ಓರೆ ಮಾಡಿ ಕೇಳುತ್ತಿದ್ದ.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟುಕುರುಡರು, ಅವರ ಅಣ್ಣನಿಗೂ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಈ ಮಕ್ಕಳ ಕಂಠ ಗುರುತಿಸಿ, ಸಾಕಿ, ಗುರುಗಳನ್ನು ಗೊತ್ತುಮಾಡಿ ಕಲಿಸಿದರು. ಅಂದರೆ ಇವರ ಕಲಿಕೆಯೂ ಯಾರೋ ಹಾಕಿದ ಅನ್ನದಿಂದಲೇ. ಆ ಋಣವನ್ನು ಅವರು ತೀರಿಸಿದ ರೀತಿ ಅಪೂರ್ವ. ಕುರುಡ, ಅನಾಥ, ಬಡ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಊರೂರು ಅಲೆಯುವ ಸಂಗೀತ ಪಾಠಶಾಲೆ ನಡೆಸಿದರು. ಊರವರು ಕೊಟ್ಟ ಜೋಳವೇ ಅದರ ಬಂಡವಾಳ. ಗದುಗಿನ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟ ಮೇಲೆ ಶಾಲೆ ಒಂದೆಡೆ ನೆಲೆ ನಿಂತಿತು. ಅವರ ಹೆಸರೇ ಆಶ್ರಮಕ್ಕೆ ಬಂತು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು.

1944ರಲ್ಲಿ ಗುರುಗಳು ತೀರಿದ ಮೇಲೆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹಲವು ವಾದ್ಯಗಳ ಮೇಲೆ ಪ್ರಭುತ್ವ; ಜೊತೆಗೆ ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರವಣಿಗೆ. ಆಶ್ರಮದ ಒಲೆ ಉರಿಯಲೆಂದು ನಾಟಕ ಬರೆದರು, ನಾಟಕ ಕಂಪನಿ ಕಟ್ಟಿದರು. ಭಕ್ತರು ಊರೂರಿಗೆ ಕರೆದು ಅವರನ್ನು ತಕ್ಕಡಿಯಲ್ಲಿ ಕೂಡಿಸಿ ನಾಣ್ಯಗಳಿಂದ ತೂಗುತ್ತಿದ್ದರು. ನಾನು ಚಿಕ್ಕವನಿದ್ದಾಗ ಇಂಥ ತುಲಾಭಾರ ನೋಡಿ, ಇದೆಂಥ ಆಡಂಬರ ಎಂದು ಮೂಗು ಮುರಿದದ್ದುಂಟು. ಆ ತಕ್ಕಡಿಯ ಇನ್ನೊಂದು ಪರಡಿಯಲ್ಲಿ ಕೂತಿದ್ದುದು ನೂರಾರು ಮಕ್ಕಳ ಊಟ ಎಂಬುದು ಆಗ ತಿಳಿದಿರಲಿಲ್ಲ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾದರು. ಇಂದು ದೇಶವೆಲ್ಲ ಕೇಳುವ ವೆಂಕಟೇಶಕುಮಾರರು ಬಳ್ಳಾರಿ ಕಡೆಯ ಒಬ್ಬ ತೊಗಲುಗೊಂಬೆ ಕಲಾವಿದರ ಮಗ. ಬಾಲಕನಾಗಿ ಇಲ್ಲಿಗೆ ಬಂದು ಹನ್ನೆರಡು ವರ್ಷ ಕಲಿತರು. ಆ ಹನ್ನೆರಡು ವರ್ಷದ ಊಟದ ಲೆಕ್ಕವನ್ನು ಅವರ ತಂದೆ ಹಾಕಬೇಕಾಗಿ ಬರಲಿಲ್ಲ.

ಪ್ರಸಾದಕ್ಕೆ ಸಾಲಾಗಿ ಕೂತೆವು. ರೊಟ್ಟಿ, ಪಲ್ಯ, ಅನ್ನ, ಸಾರು. ಎದುರು ಸಾಲಿನಲ್ಲಿ ಕಣ್ಣಿಲ್ಲದ ಒಬ್ಬ ಪುಟ್ಟ ಹುಡುಗ ಉಣ್ಣುತ್ತಲೇ ಎಡಗೈಯಿಂದ ತೊಡೆಯ ಮೇಲೆ ತೀನತಾಲ ಹಾಕುತ್ತಿದ್ದ. ಊಟವಾದ ಮೇಲೆ ಅಲ್ಲಿನ ಹಿರಿಯರೊಬ್ಬರು ನಮ್ಮ ಹುಡುಗನನ್ನು ಹಾಡಿಸಿ ಕೇಳಿದರು. 'ಕಿವಿ ಛಲೋ ಐತಿ. ಜೂನ್‌ದಾಗ ಕರ್ಕೊಂಡು ಬರ್ರಿ. ಸಾಲಿನೂ ಇಲ್ಲೇ ಕಲೀಬಹುದು' ಎಂದರು. ನನಗೆ ಅಲ್ಲಿಗೆ ಕೆಲಸ ಮುಗಿಯಿತೆನಿಸಿತು.

ತಾಯಿ ಅಲ್ಲಿಯವರೆಗೆ ಒಂದೂ ಮಾತಾಡಿರಲಿಲ್ಲ. ಗದ್ದುಗೆಗೆ ನಮಸ್ಕರಿಸಿ ಹೊರಗೆ ಕಟ್ಟೆಯ ಮೇಲೆ ಕೂತಾಗ ಕೇಳಿದರು:

'ಎಷ್ಟು ವರ್ಷ ಕಲೀಬೇಕಾಗ್ತೈತ್ರಿ ಸರ?'

'ಹತ್ತು ವರ್ಷ ಅನ್ರಿ ತಂಗೆವ್ವಾ. ಊಟ, ಬಟ್ಟಿ, ಪಾಠ ಯಾವುದಕ್ಕೂ ರೊಕ್ಕ ಇಲ್ಲ.'

ಅವರು ಬೆರಳು ಮಡಚಿ ಏನೋ ಎಣಿಸಿದರು. ಆಮೇಲೆ ಮೆಲ್ಲಗೆ ಅಂದರು: 'ಅವಂಗ ಅನ್ನಾ ಇವ್ರು ಹಾಕ್ತಾರ, ಖರೆ. ಪುಣ್ಯಾತ್ಮರು. ಮನ್ಯಾಗಿನವ್ರ ಅನ್ನಾ ಯಾರು ಹಾಕಬೇಕ್ರಿ? ಅವ್ರ ಅಪ್ಪಗ ಏಳಾಕ ಬರೂದಿಲ್ಲ. ಸಣ್ಣಾಕಿ ಇನ್ನೂ ನಾಲ್ಕನೆತ್ತೆ. ಲಗ್ನದ ಸೀಜನ್‌ದಾಗ ಇವನ ರೊಕ್ಕದಾಗ ಗುಳಿಗಿ ತರ್ತೀವ್ರಿ.'

ನಾನು ವಿಜ್ಞಾನದ ಮಾಸ್ತರ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಮಕ್ಕಳಿಗೆ 'ನಾಳೆ ಹೇಳ್ತೀನಿ' ಎನ್ನುವ ರೂಢಿ ನನಗುಂಟು. ಆ ತಾಯಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಹುಡುಗ ಅಷ್ಟು ದೂರದಲ್ಲಿ ಪಿಟೀಲು ಹಿಡಿದ ಮಕ್ಕಳ ಹಿಂದೆ ನಿಂತಿದ್ದ. ನಮ್ಮ ಮಾತು ಅವನಿಗೆ ಕೇಳಿಸಿರಲಾರದು ಎಂದುಕೊಂಡೆ. ಆಮೇಲೆ ನೆನಪಾಯಿತು, ಇವನು ಟ್ಯೂನಿಂಗ್ ಫೋರ್ಕಿನ ಮೇಣ ಕಿವಿಯಲ್ಲೇ ಕಂಡುಹಿಡಿದವನು.

ಬಸ್ಸಿನಲ್ಲಿ ತಾಯಿಯೇ ತೀರ್ಮಾನ ಹೇಳಿದರು. ಹತ್ತನೆಯದು ಮುಗಿಯಲಿ, ಆಮೇಲೆ ನೋಡೋಣ.

ಸಿತಾರ್ ಈಗ ನಮ್ಮ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿದೆ. ಅವರ ಮನೆ ಒಂದೇ ಕೋಣೆಯದು; ಮಳೆಗಾಲದಲ್ಲಿ ಸೋರುತ್ತದೆ, ತಂತಿಗೆ ತುಕ್ಕು ಬರುತ್ತದೆ. ಶಾಲೆ ಬಿಟ್ಟ ಮೇಲೆ ಆಡುಗಳನ್ನು ತಂಗಿಗೆ ಒಪ್ಪಿಸಿ ಬಂದು, ಕತ್ತಲಾಗುವವರೆಗೆ ಅಲ್ಲಿ ಕೂಡುತ್ತಾನೆ. ಬೀಗದ ಕೈ ನನ್ನ ಹತ್ತಿರ ಇರುವುದರಿಂದ ನಾನೂ ಕೂಡುತ್ತೇನೆ, ಉತ್ತರಪತ್ರಿಕೆ ತಿದ್ದುತ್ತ. ಲಗ್ನದ ಮುಹೂರ್ತ ಒತ್ತಟ್ಟಿಗೆ ಬಂದ ವಾರಗಳಲ್ಲಿ ಅವನು ಬರುವುದಿಲ್ಲ. ಆಗ ಬೀಗದ ಕೈ ಮೇಜಿನ ಖಾನೆಯಲ್ಲೇ ಉಳಿಯುತ್ತದೆ.

ಕಳೆದ ವಾರ ಮುಖ್ಯ ತಂತಿ ತುಂಡಾಯಿತು. ಮದುವೆ ಮನೆಯಲ್ಲಿ ಯಾರೋ ಖುಷಿಯಿಂದ ಕೊಟ್ಟಿದ್ದ ಐವತ್ತರ ನೋಟು ತಂದು, ಧಾರವಾಡದಿಂದ ತಂತಿ ತಂದುಕೊಡಲು ಹೇಳಿದ. ಬೇಡವೆಂದರೂ ಕೇಳಲಿಲ್ಲ. ತಂದುಕೊಟ್ಟೆ. ಬಿರಡೆ ತಿರುವುತ್ತ, 256ರ ಫೋರ್ಕನ್ನು ಮೊಣಕೈಗೆ ಬಡಿದು ಕಿವಿಗೆ ಹಿಡಿದು ಕೂತ. ನಾನು ಅವನ ತೋರುಬೆರಳಿನ ತುದಿ ನೋಡಿದೆ. ತೆಳ್ಳಗೆ, ಪೆನ್ಸಿಲಿನಿಂದ ಎಳೆದಂತೆ, ಒಂದು ಗೆರೆ ಮೂಡಿತ್ತು.